ತೀರ್ಥಹಳ್ಳಿ ಕಡೆಯ ಹೋಂಸ್ಟೇ ಜಗಲಿಯ ಅಮೂರ್ತ ಚಿತ್ರಗಳು
ಆಗುಂಬೆ ರಸ್ತೆಯ ಈ ಹೋಂಸ್ಟೇ ಜಗಲಿಯಲ್ಲಿ ಮೂರು ಅಕ್ರಿಲಿಕ್ ಚಿತ್ರಗಳಿವೆ. ಪಾಚಿ ಹಸಿರು, ಬೂದಿ, ನಡುವೆ ಹಸೆ ಚಿತ್ತಾರದ (ಮಲೆನಾಡಿನ ಗೋಡೆ ಚಿತ್ರಕಲೆ) ಕೆಮ್ಮಣ್ಣಿನಂಥ ಒಂದೇ ಗೆರೆ. ಅತಿಥಿಗಳ ನಾಲ್ಕು ಗುಂಪು ಒಟ್ಟಿಗೆ ಕೂತರೂ ಕಣ್ಣಿಗೆ ಗಲಾಟೆ ಅನ್ನಿಸುವುದಿಲ್ಲ. ಆದರೆ ತೂಗುಹಾಕಿದ್ದು ತೀರಾ ಎತ್ತರ. ಕೂತು ನೋಡುವ ಜಾಗದಲ್ಲಿ ಚಿತ್ರದ ನಡುಭಾಗ ನೆಲದಿಂದ ನಾಲ್ಕೂವರೆ ಅಡಿಯಲ್ಲಿದ್ದರೆ ಸಾಕು. ಗಾಜು ಹಾಕಿಸಿದ್ದರಲ್ಲಂತೂ ಚಿತ್ರಕ್ಕಿಂತ ಎದುರಿನ ಕಿಟಕಿಯೇ ಚೆನ್ನಾಗಿ ಕಾಣುತ್ತೆ!

ದೊಡ್ಡ ತೊಂದರೆ ಮಳೆಗಾಲದ್ದು. ಕ್ಯಾನ್ವಾಸ್ ಗೋಡೆಗೆ ಒತ್ತಿಕೊಂಡಿದೆ, ಹಿಂದೆ ಗಾಳಿಯಾಡುವುದಿಲ್ಲ, ಕೆಳ ಅಂಚಿನಲ್ಲಿ ಆಗಲೇ ಬೂಷ್ಟಿನ ಕಪ್ಪು ಚುಕ್ಕೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಇಂಚು ದಪ್ಪದ ಬಿರಡೆ (ಕಾರ್ಕ್) ತುಂಡು ಅಂಟಿಸಿ, ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಬೇಕು. ಬಚ್ಚಲೊಲೆ ಪಕ್ಕದ ಗೋಡೆಯಲ್ಲಿರುವುದನ್ನು ಮೊದಲು ತೆಗೆಯಿರಿ.