ಮಾವನ ಡಿಸ್ಚಾರ್ಜ್ ಪೇಪರಲ್ಲಿ ಬಿಟ್ಟುಹೋಗಿದ್ದ ಮೆಡಲ್‌ಗಳು: ಸೇಂಟ್ ಲೂಯಿಸ್ ರೆಕಾರ್ಡ್ಸ್ ಸೆಂಟರ್ ಸರ್ವಿಸ್ ಹೇಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಇದು ಪೂರ್ತಿ ಫ್ರೀ ಸರ್ವಿಸ್. ಅಮೆರಿಕದ ಮಾಜಿ ಸೈನಿಕರು ತಮ್ಮ ಸರ್ವಿಸ್ ರೆಕಾರ್ಡ್ ತರಿಸ್ಕೊಳ್ಳೋಕೆ, ಅದ್ರಲ್ಲಿ ಬಿಟ್ಟುಹೋದ ಮೆಡಲ್ ಸೇರಿಸಿ ಅಂತ ಕೇಳೋಕೆ, ಸರ್ಕಾರಕ್ಕೆ ಒಂದು ಡಾಲರ್ ಕೂಡ ಕಟ್ಟೋ ಹಾಗಿಲ್ಲ. ಇದು ಗೊತ್ತಿಲ್ದೆ ನಾವು ಮೊದ್ಲು ಒಂದು ಪ್ರೈವೇಟ್ ವೆಬ್‌ಸೈಟ್‌ಗೆ ತೊಂಬತ್ತು ಡಾಲರ್ ಹತ್ರ ಕೊಟ್ವಿ, ಅವ್ರು ಮಾಡಿದ್ದು ಏನಂದ್ರೆ ಸರ್ಕಾರದ ಫಾರ್ಮನ್ನೇ ತುಂಬಿಸಿ ನಮ್ಮ ಕೈಗೆ ಕೊಟ್ಟು ನೀವೇ ಸೈನ್ ಮಾಡಿ ಕಳ್ಸಿ ಅಂದಿದ್ದು. ವಯಸ್ಸಾದವ್ರ ಹತ್ರ ಹೀಗೆ ದುಡ್ಡು ಕೀಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಇದನ್ನ ಇಷ್ಟುದ್ದ ಬರೀತಿದೀನಿ. ನನ್ನ ಹಾಗೆ ಇಲ್ಲಿನವ್ರನ್ನ ಮದ್ವೆಯಾಗಿರೋರು, ಇಲ್ಲಾ ಪಕ್ಕದ್ಮನೆ ಅಜ್ಜನಿಗೆ ಕಂಪ್ಯೂಟರ್ ಕೆಲಸಕ್ಕೆ ಕೈ ಜೋಡಿಸೋ ನಮ್ಮ ಹುಡುಗ್ರು ಬೇಕಾದಷ್ಟು ಜನ ಇದೀರ, ನಿಮಗೆ ಉಪಯೋಗ ಆಗ್ಲಿ.

ನಮ್ಮ ಮಾವ ಡ್ರಾಫ್ಟಲ್ಲಿ, ಅಂದ್ರೆ ಸರ್ಕಾರದ ಕಡ್ಡಾಯ ಸೇನಾ ಭರ್ತಿಯಲ್ಲಿ, ಆರ್ಮಿಗೆ ಹೋದವ್ರು. 1968ರ ಫೆಬ್ರವರಿಯಿಂದ 1969ರ ಫೆಬ್ರವರಿವರೆಗೆ ವಿಯೆಟ್ನಾಂನಲ್ಲಿದ್ರು. ವಾಪಸ್ ಬಂದ ಎರಡೇ ದಿನಕ್ಕೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ್ರಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಅವ್ರು ಆ ವರ್ಷದ ಬಗ್ಗೆ ಬಾಯಿ ಬಿಟ್ಟಿದ್ದು ನಾಕೈದು ಸಲ ಇರ್ಬೋದು ಅಷ್ಟೆ, ನಾವೂ ಕೆದಕ್ತಾ ಇರ್ಲಿಲ್ಲ. ಹೋದ ವರ್ಷ ಅತ್ತೆ ತೀರ್ಕೊಂಡ ಮೇಲೆ, ಮುಂದೆ ತನ್ನನ್ನ ಸೈನಿಕರ ನ್ಯಾಷನಲ್ ಸ್ಮಶಾನದಲ್ಲೇ ಮಣ್ಣು ಮಾಡ್ಬೇಕು ಅಂತ ಪೇಪರ್ ರೆಡಿ ಮಾಡೋಕೆ ಕೂತ್ರು, ಅದಕ್ಕೆ ಡಿಡಿ 214 ಅನ್ನೋ ಡಿಸ್ಚಾರ್ಜ್ ಪೇಪರ್ ಬೇಕು. ಟ್ರಂಕಿಂದ ತೆಗೆದು ನೋಡಿದ್ರೆ ಮೆಡಲ್ ಬರೆಯೋ 24ನೇ ಕಾಲಮ್ಮಲ್ಲಿ ಎರಡೇ ಇತ್ತು, ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್ಲು, ವಿಯೆಟ್ನಾಂ ಸರ್ವಿಸ್ ಮೆಡಲ್ಲು. ಅದೇ ವಾರ ಹಳೇ ಜೊತೆಗಾರರೊಬ್ರು ಅತ್ತೆ ವಿಷ್ಯ ಕೇಳಿ ಫೋನ್ ಮಾಡಿದ್ರು. ಮಾತಿನ ಮಧ್ಯೆ, ನೀನು ಹೋದ ಮೇಲೆ ನಿನ್ನ ಹೆಸರಿಗೆ ಕಮೆಂಡೇಶನ್ ಮೆಡಲ್ ಆರ್ಡರ್ ಬಂತಲ್ಲ, ಎಲ್ಲರ ಮುಂದೆ ಓದಿದ್ರು, ನಿನಗೆ ಸಿಗ್ಲಿಲ್ವಾ ಅಂದ್ರು (ಒಳ್ಳೆ ಕೆಲಸ ಮೆಚ್ಚಿ ಕೊಡೋ ಮೆಡಲ್ ಅದು). ಮಾವ ಫೋನ್ ಇಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ರು. ಅಷ್ಟು ವರ್ಷ ಅವ್ರಿಗೆ ಗೊತ್ತೇ ಇರ್ಲಿಲ್ಲ.

ಎಲ್ಲಿಂದ ಶುರು ಮಾಡ್ಬೇಕು ಅಂತ ನಮ್ಗೆ ಗೊತ್ತಾಗಿದ್ದು ನಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ ಅನ್ನಿ) ವೆಟರನ್ಸ್ ಸರ್ವಿಸ್ ಆಫೀಸರ್, ಅಂದ್ರೆ ಮಾಜಿ ಸೈನಿಕರಿಗೆ ನೆರವಾಗೋ ಅಧಿಕಾರಿ, ಹತ್ರ ಹೋದ ಮೇಲೆ. ಆ ಮನುಷ್ಯನಿಗೆ ಕೈ ಮುಗೀಬೇಕು, ಅದೂ ಫ್ರೀನೇ. ಅವ್ರು ಹೇಳಿದ ಮೊದಲ್ನೇ ಮಾತು, ತಿದ್ದಿ ಅಂತ ಅರ್ಜಿ ಹಾಕೋಕೆ ಓಡ್ಬೇಡಿ, ಮೊದ್ಲು ಪೂರ್ತಿ ಫೈಲ್ ತರ್ಸಿ, ಏನಿದೆ ಏನಿಲ್ಲ ನೋಡಿ, ಆಮೇಲೆ ಕೇಳಿ. ಇಡೀ ಕಥೆಯಲ್ಲಿ ಇದಕ್ಕಿಂತ ಒಳ್ಳೆ ಸಲಹೆ ನಮಗೆ ಸಿಗ್ಲಿಲ್ಲ.

ಫೈಲ್ ಇರೋದು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ, ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್. ಆನ್‌ಲೈನಲ್ಲೇ ಕೇಳ್ಬೋದು, ಇಲ್ಲಾ ಸ್ಟ್ಯಾಂಡರ್ಡ್ ಫಾರ್ಮ್ 180 ತುಂಬಿ ಅಂಚೆಯಲ್ಲಿ ಹಾಕ್ಬೋದು. ಕೇಳೋರು ಸೈನಿಕರೇ ಆಗಿರ್ಬೇಕು, ಅವ್ರು ತೀರ್ಕೊಂಡಿದ್ರೆ ಮತ್ತೆ ಮದ್ವೆಯಾಗದ ಹೆಂಡ್ತಿ ಅಥವಾ ಗಂಡ, ಮಗ, ಮಗಳು, ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ. ಸೊಸೆ ಆ ಪಟ್ಟೀಲಿ ಇಲ್ಲ, ಹಾಗಾಗಿ ಟೈಪ್ ಮಾಡಿದ್ದು ನಾನಾದ್ರೂ ಸೈನ್ ಮಾವಂದೇ. ಸೇವೆ ಬಿಟ್ಟು 62 ವರ್ಷ ದಾಟಿದ ಫೈಲ್ ಆದ್ರೆ ಲೆಕ್ಕ ಬೇರೆ, ಅದು ಆರ್ಕೈವ್ಸ್‌ಗೆ ಸೇರುತ್ತೆ, ಯಾರು ಬೇಕಾದ್ರೂ ದುಡ್ಡು ಕೊಟ್ಟು ಕಾಪಿ ತಗೋಬೋದು. ಕೇಳೋವಾಗ ಬರೀ ಡಿಡಿ 214 ಸಾಕು ಅನ್ಬೇಡಿ, ಪೂರ್ತಿ ಪರ್ಸನೆಲ್ ಫೈಲ್ ಬೇಕು ಅಂತ ಬಿಡಿಸಿ ಬರೀರಿ, ಇಲ್ಲಾಂದ್ರೆ ನಿಮ್ಮ ಹತ್ರ ಈಗಾಗ್ಲೇ ಇರೋ ಒಂದು ಹಾಳೇನೇ ಮತ್ತೆ ಬರುತ್ತೆ.

ನನಗೆ ಇದ್ದ ದೊಡ್ಡ ಭಯ ಬೆಂಕಿದು. 1973ರ ಜುಲೈ 12ಕ್ಕೆ ಆ ಸೆಂಟರ್‌ನ ಆಗಿನ ಬಿಲ್ಡಿಂಗಿಗೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಮೀರಿ, 1.6ರಿಂದ 1.8 ಕೋಟಿ ಫೈಲ್ ಸುಟ್ಟುಹೋಯ್ತು, ಅವಕ್ಕೆ ಡೂಪ್ಲಿಕೇಟೂ ಇಲ್ಲ, ಮೈಕ್ರೋಫಿಲ್ಮೂ ಇರ್ಲಿಲ್ಲ. ಆದ್ರೆ ಸುಟ್ಟಿದ್ದು ಎಲ್ಲರದ್ದೂ ಅಲ್ಲ, 1912ರ ನವೆಂಬರಿಂದ 1960ರ ಜನವರಿ 1ರೊಳಗೆ ಆರ್ಮಿ ಬಿಟ್ಟವ್ರದ್ದು ಶೇಕಡ 80 ಹೋಯ್ತು, 1947ರಿಂದ 1964ರ ಜನವರಿ 1ರೊಳಗೆ ಏರ್ ಫೋರ್ಸ್ ಬಿಟ್ಟವ್ರಲ್ಲಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹಬ್ಬರ್ಡ್ ಅನ್ನೋ ಹೆಸರಾದ ಮೇಲಿನವ್ರದ್ದು ಶೇಕಡ 75 ಹೋಯ್ತು. ಮಾವ 1969ರಲ್ಲಿ ಬಿಟ್ಟವ್ರು, ಬಚಾವ್. ಅವ್ರ ದೊಡ್ಡಪ್ಪನ ಮಗ ಕೊರಿಯಾ ಯುದ್ಧಕ್ಕೆ ಹೋದವ್ರು, ಅವ್ರದ್ದು ಸುಟ್ಟಿತ್ತು. ಅಂಥವ್ರಿಗೂ ದಾರಿ ಇದೆ, ಪೇ ವೋಚರ್ರು, ಯೂನಿಟ್ಟಿನ ಮಾರ್ನಿಂಗ್ ರಿಪೋರ್ಟು (ದಿನದಿನದ ಹಾಜರಿ ವರದಿ), ಹಳೇ ವಿಎ (ಮಾಜಿ ಸೈನಿಕರ ಇಲಾಖೆ) ಕ್ಲೇಮ್ ಪೇಪರ್ರು ಎಲ್ಲಾ ಹುಡುಕಿ ಸರ್ವಿಸ್ ಮಾಡಿದ್ದನ್ನ ಮತ್ತೆ ಜೋಡಿಸಿ ಕೊಡ್ತಾರೆ. ಅದಕ್ಕೆ ಯಾವ ಯೂನಿಟ್ಟು, ಯಾವ ತಿಂಗಳು ಅನ್ನೋದನ್ನ ನಾವು ಎಷ್ಟು ಸರಿಯಾಗಿ ಕೊಡ್ತೀವೋ ಅಷ್ಟು ಒಳ್ಳೇದು.

ನಮ್ಮ ಫೈಲು ಮೂರು ವಾರಕ್ಕೆ ಬಂತು, ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಬೇಗ. ಡೈನಿಂಗ್ ಟೇಬಲ್ ಮೇಲೆ ಹರಡ್ಕೊಂಡು ಮಾವ, ನನ್ನ ಗಂಡ, ನಾನು ಮೂರೂ ಜನ ಕೂತ್ವಿ. ಮುಖ್ಯವಾದ ಪೇಪರು ಡಿಎ ಫಾರ್ಮ್ 20, ಆಗಿನ ಕಾಲದ ಸಿಪಾಯಿಯ ಜಾತಕ ಅಂತಲೇ ಅನ್ನಿ. 38ನೇ ಕಾಲಮ್ಮಲ್ಲಿ ಎಲ್ಲೆಲ್ಲಿ ಪೋಸ್ಟಿಂಗ್, ನಡತೆ ಹೇಗಿತ್ತು, 39ರಲ್ಲಿ ಯಾವ ಕ್ಯಾಂಪೇನ್ (ಯುದ್ಧದ ಯಾವ ಹಂತ), 40ರಲ್ಲಿ ಗಾಯ, 41ರಲ್ಲಿ ಮೆಡಲ್. ಅದರ ಹಿಂದೆ ಪಿನ್ ಮಾಡಿದ್ದ ತೆಳು ಹಾಳೆಗಳಲ್ಲಿ ಒಂದು ಜನರಲ್ ಆರ್ಡರ್ರು, ತಾರೀಕು 1969ರ ಮಾರ್ಚ್. ಆರ್ಮಿ ಕಮೆಂಡೇಶನ್ ಮೆಡಲ್, ಮಾವನ ಹೆಸ್ರು, ಸರ್ವಿಸ್ ನಂಬರ್ ಎಲ್ಲಾ ಸರಿ. ಅಂದ್ರೆ ಡಿಸ್ಚಾರ್ಜ್ ಪೇಪರ್ ಟೈಪ್ ಆಗಿದ್ದು ಫೆಬ್ರವರೀಲಿ, ಆರ್ಡರ್ ಆಗಿದ್ದು ಮಾರ್ಚಲ್ಲಿ, ಟೈಪ್ ಮಾಡಿದ ಹುಡುಗ ಆದ್ರೂ ಇನ್ನೂ ಬರದೇ ಇರೋ ಆರ್ಡರ್ರನ್ನ ಹೇಗೆ ಬರೀತಾನೆ ಹೇಳಿ. ಆರ್ಡರ್ರು ಸೇಂಟ್ ಲೂಯಿಸ್ ಫೈಲಿಗೆ ಬಂದು ಸೇರಿದೆ, ಮನುಷ್ಯನಿಗೆ ಯಾರೂ ಹೇಳ್ಲಿಲ್ಲ.

ಇದೇ ತರ ಇನ್ನೊಂದು. ರಿಪಬ್ಲಿಕ್ ಆಫ್ ವಿಯೆಟ್ನಾಂ ಗ್ಯಾಲಂಟ್ರಿ ಕ್ರಾಸ್ ವಿತ್ ಪಾಮ್ ಯೂನಿಟ್ ಸೈಟೇಶನ್ ಅಂತ ಇದೆ (ಸೈಟೇಶನ್ ಅಂದ್ರೆ ಒಬ್ಬರಿಗಲ್ಲ, ಇಡೀ ತುಕಡಿಗೆ ಕೊಡೋ ಗೌರವ), ಇಡೀ ಯುದ್ಧದಲ್ಲಿ ವಿಯೆಟ್ನಾಂನಲ್ಲಿ ಸೇವೆ ಮಾಡಿದ ಆರ್ಮಿಯವ್ರಿಗೆಲ್ಲ ಅದು ಸೇರುತ್ತೆ ಅಂತ ಆರ್ಮಿ ಹೊರಡಿಸಿದ ಜನರಲ್ ಆರ್ಡರ್ ನಂಬರ್ 8, ವರ್ಷ 1974. ಅಷ್ಟೊತ್ತಿಗೆ ಮಾವ ಮನೆಗೆ ಬಂದು 5 ವರ್ಷ ಆಗಿತ್ತು. ಅವ್ರ ಹಾಗೆ ಮುಂಚೆ ಬಂದವ್ರ ಪೇಪರಲ್ಲಿ ಇದು ಇರೋಕೆ ಹೇಗೆ ಸಾಧ್ಯ, ನಿಮ್ಮನೇಲಿ ವಿಯೆಟ್ನಾಂಗೆ ಹೋದ ಆರ್ಮಿಯವ್ರು ಇದ್ರೆ ಇವತ್ತೇ ತೆಗೆದು ನೋಡಿ. ಆಮೇಲೆ ವಿಯೆಟ್ನಾಂ ಸರ್ವಿಸ್ ಮೆಡಲ್ ಮೇಲೆ ಪ್ರತಿ ಕ್ಯಾಂಪೇನಿಗೆ ಒಂದು ಕಂಚಿನ ಸ್ಟಾರ್ ಬರುತ್ತೆ, ಅವ್ರ ಪೇಪರಲ್ಲಿ ಒಂದೂ ಇರ್ಲಿಲ್ಲ. ತಾರೀಕು ತಾಳೆ ಹಾಕಿ ನೋಡಿದ್ರೆ ಟೆಟ್ ಕೌಂಟರ್‌ಅಫೆನ್ಸಿವ್ 1968ರ ಏಪ್ರಿಲ್ 1ರವರೆಗೆ, ಫೇಸ್ ನಾಲ್ಕು ಜೂನ್ 30ರವರೆಗೆ, ಫೇಸ್ ಐದು ನವೆಂಬರ್ 1ರವರೆಗೆ, ಫೇಸ್ ಆರು 1969ರ ಫೆಬ್ರವರಿ 22ರವರೆಗೆ, ಒಟ್ಟು ನಾಲ್ಕು ಸ್ಟಾರ್. ಯಾವ ಯೂನಿಟ್ಟಿಗೆ ಯಾವ ಸೈಟೇಶನ್ ಬಂದಿದೆ ಅಂತ ನೋಡೋಕೆ ಆರ್ಮಿಯ ಪ್ಯಾಂಫ್ಲೆಟ್ 672-3 ಇದೆ, ಆನ್‌ಲೈನಲ್ಲಿ ಸಿಗುತ್ತೆ, ಓದೋಕೆ ಕಷ್ಟ ಆದ್ರೆ ಚಿನ್ನದಂಥ ಪುಸ್ತಕ.

ಈ ಲೆಕ್ಕ ಕೈಲಿ ಇಟ್ಕೊಂಡು ಕಾಗದ ಬರೆದ್ವಿ. "ಬಿಟ್ಟುಹೋದ ಮೆಡಲ್ ಎಲ್ಲಾ ಸೇರಿಸಿ" ಅಂತ ಒಂದೇ ಸಾಲಲ್ಲಿ ಬರೀಬೇಡಿ ಅಂತ ಕೌಂಟಿ ಆಫೀಸರ್ ಹೇಳಿದ್ರು. ಒಂದೊಂದು ಮೆಡಲ್ಲಿನ ಹೆಸ್ರು, ಅದಕ್ಕೆ ಆಧಾರ ಯಾವ ಆರ್ಡರ್ರು, ಫೈಲಿನ ಯಾವ ಹಾಳೇಲಿ ಇದೆ, ಆ ಹಾಳೆಯ ಕಾಪಿ, ಹೀಗೆ. ಓದೋ ಕ್ಲರ್ಕಿಗೆ ಹುಡುಕೋ ಕೆಲಸ ಉಳಿಸಬಾರದು. ಕಳಿಸಿದ ಮೇಲೆ ಏಳು ತಿಂಗಳು. ಮಧ್ಯದಲ್ಲಿ ಒಂದು ಕಚೇರಿಗೆ ಫೋನ್ ಮಾಡಿದ್ರೆ ಅವ್ರು ಇನ್ನೊಂದು ನಂಬರ್ ಕೊಡೋರು, ಆ ನಂಬರಿನವ್ರು ಮತ್ತೆ ಮೊದಲ್ನೇ ಕಚೇರಿಗೇ ಕಳ್ಸೋರು, 78 ವರ್ಷದವ್ರನ್ನ ನಲವತ್ತು ನಿಮಿಷ ಹೋಲ್ಡಲ್ಲಿ ಇಟ್ಟು ಲೈನ್ ಕಟ್ ಮಾಡಿದ್ದೂ ಆಯ್ತು. ನನ್ನ ರೇಟಿಂಗಲ್ಲಿ ಒಂದು ಸ್ಟಾರ್ ಕಮ್ಮಿ ಮಾಡ್ತಿರೋದು ಇದಕ್ಕೇ. ಇದೇ ತರ ಸಿಕ್ಕಿಹಾಕ್ಕೊಂಡ್ರೆ ನಿಮ್ಮ ಏರಿಯಾದ ಕಾಂಗ್ರೆಸ್ ಸದಸ್ಯರ ಆಫೀಸಿಗೆ ಹೋಗಿ, ಅಲ್ಲಿ ಇಂಥ ಕೆಲಸಕ್ಕೇ ಜನ ಇರ್ತಾರೆ, ಒಂದು ಪ್ರೈವೆಸಿ ಫಾರ್ಮಿಗೆ ಸೈನ್ ಹಾಕಿದ್ರೆ ಅವ್ರೇ ವಿಚಾರಿಸ್ತಾರೆ. ನಾವು ಐದನೇ ತಿಂಗಳಲ್ಲಿ ಹೋದ್ವಿ, ಮೊದ್ಲೇ ಹೋಗ್ಬೇಕಿತ್ತು.

ಕೊನೆಗೆ ಡಿಡಿ 215 ಬಂತು. ಇದು ಹೊಸ ಡಿಸ್ಚಾರ್ಜ್ ಪೇಪರ್ ಅಲ್ಲ, ಹಳೇದಕ್ಕೆ ತಿದ್ದುಪಡಿ ಹಾಳೆ, ಎರಡನ್ನೂ ಜೊತೇಲೇ ಇಟ್ಕೋಬೇಕು, ಎಲ್ಲಿಗೆ ಕೊಟ್ರೂ ಎರಡೂ ಕೊಡ್ಬೇಕು. ಕಮೆಂಡೇಶನ್, ನಾಲ್ಕು ಸ್ಟಾರ್, ಯೂನಿಟ್ ಸೈಟೇಶನ್, ವಿಯೆಟ್ನಾಂ ಕ್ಯಾಂಪೇನ್ ಮೆಡಲ್ ಎಲ್ಲಾ ಸೇರಿತ್ತು. ಸ್ವಲ್ಪ ದಿನ ಬಿಟ್ಟು ಮೆಡಲ್‌ಗಳೂ ಪೋಸ್ಟಲ್ಲಿ ಬಂದ್ವು. ಒಂದು ಮಾತ್ರ ಬರ್ಲಿಲ್ಲ, ವಿಯೆಟ್ನಾಂ ಕ್ಯಾಂಪೇನ್ ಮೆಡಲ್, ಅದು ಆಗಿನ ದಕ್ಷಿಣ ವಿಯೆಟ್ನಾಂ ಸರ್ಕಾರ ಕೊಟ್ಟಿದ್ದು, ಅಮೆರಿಕ ಸರ್ಕಾರ ಅದನ್ನ ಹಂಚಲ್ಲ, ಅಂಗಡೀಲಿ ಕೊಂಡ್ಕೋಬೇಕು, ನನ್ನ ಗಂಡ ಕೊಂಡ್ಕೊಂಡು ಬಂದ್ರು. ಮಾವ ಕಮೆಂಡೇಶನ್ ಪೆಟ್ಟಿಗೆ ತೆಗೆದು ನೋಡಿ ಮುಚ್ಚಿ, ಅತ್ತೆ ಫೋಟೋ ಪಕ್ಕ ಇಟ್ರು. ಆಮೇಲೆ ನನ್ನ ಕರೆದು, ಅದು ಯಾವ ದಿನದ ಕೆಲಸಕ್ಕೆ ಕೊಟ್ಟಿದ್ದು ಅಂತ ಮೊದಲ್ನೇ ಸಲ ಹೇಳಿದ್ರು. ಅದು ಅವ್ರ ಮಾತು, ಇಲ್ಲಿ ಬರೆಯಲ್ಲ.

ಬಾಕಿ ಇರೋದು ಪರ್ಪಲ್ ಹಾರ್ಟ್, ಯುದ್ಧದಲ್ಲಿ ಗಾಯ ಆದವ್ರಿಗೆ ಕೊಡೋ ಮೆಡಲ್. ಎಡಗೈಗೆ ಚೂರು ಹೊಕ್ಕ ಗುರುತು ಈಗ್ಲೂ ಇದೆ, ಮೆಡಿಕ್ ಅಲ್ಲೇ ತೆಗೆದು ಪಟ್ಟಿ ಕಟ್ಟಿ ಕಳ್ಸಿದ್ರಂತೆ. ಆದ್ರೆ ಫಾರ್ಮ್ 20ರ 40ನೇ ಕಾಲಂ ಖಾಲಿ, ವಿಯೆಟ್ನಾಂ ಕ್ಯಾಶುವಲ್ಟಿ ರೋಸ್ಟರ್‌ನಲ್ಲೂ (ಸತ್ತವ್ರು, ಗಾಯ ಆದವ್ರ ಪಟ್ಟಿ) ಹೆಸರಿಲ್ಲ. ಶತ್ರುವಿನಿಂದ ಆದ ಗಾಯ, ಅದಕ್ಕೆ ಟ್ರೀಟ್ಮೆಂಟ್, ಆ ಟ್ರೀಟ್ಮೆಂಟಿಗೆ ಸರ್ಕಾರಿ ದಾಖಲೆ, ಈ ಮೂರೂ ಬೇಕು. ಇಂಥದ್ದಕ್ಕೆ ಕಾಗದ ಬರೆದ್ರೆ ಆಗಲ್ಲ, ಡಿಡಿ 149 ಫಾರ್ಮ್ ತುಂಬಿ ಆರ್ಮಿ ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್‌ಗೆ ಹಾಕ್ಬೇಕು, ನೇವಿ ಏರ್ ಫೋರ್ಸಿಗೆ ಬೇರೆ ಬೋರ್ಡ್ ಇದೆ. ತಪ್ಪು ಗೊತ್ತಾದ 3 ವರ್ಷದೊಳಗೆ ಅಂತ ರೂಲ್ ಇದೆ, ಆದ್ರೆ ನ್ಯಾಯದ ದೃಷ್ಟಿಯಿಂದ ಬೋರ್ಡು ಅದನ್ನ ಮನ್ನಾ ಮಾಡ್ಬೋದು, ತಡ ಯಾಕಾಯ್ತು ಅಂತ ಬರೆಯೋ ಜಾಗ ಫಾರ್ಮಲ್ಲೇ ಇದೆ, ಖಾಲಿ ಬಿಡ್ಬೇಡಿ. ಕಾನೂನು ಪ್ರಕಾರ 18 ತಿಂಗಳೊಳಗೆ ತೀರ್ಮಾನ ಆಗ್ಬೇಕು.

ಬೋರ್ಡ್‌ಗಳ ಹಳೇ ತೀರ್ಮಾನಗಳು ಹೆಸರು ತೆಗೆದು ಆನ್‌ಲೈನಲ್ಲಿ ಇಟ್ಟಿದಾರೆ. ಪರ್ಪಲ್ ಹಾರ್ಟ್ ಕೇಸುಗಳನ್ನ ನಾನು ಎರಡು ರಾತ್ರಿ ಕೂತು ಓದಿದೆ. ಜೊತೆಗಾರರ ಕಾಗದ ಒಂದೇ ಇದ್ರೆ ಹೆಚ್ಚಾಗಿ ಸಾಲಲ್ಲ, ಜೊತೆಗೆ ಯೂನಿಟ್ಟಿನ ಡೈಲಿ ಜರ್ನಲ್ಲೋ, ಆಗ ಮನೆಗೆ ಬರೆದ ಪತ್ರನೋ ಇದ್ರೆ ತೂಕ ಬರುತ್ತೆ. ಜರ್ನಲ್‌ಗಳು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿ, ರೆಕಾರ್ಡ್ ಗ್ರೂಪ್ 472ರಲ್ಲಿವೆ. ಅಲ್ಲಿಂದ ಆ ವಾರದ ಪುಟಗಳನ್ನ ತರಿಸಿದ್ವಿ, ಮಾವನ ಹೆಸರಿಲ್ಲ, ಆದ್ರೆ ಆ ರಾತ್ರಿ ಅವ್ರ ಕಂಪನಿ ಮೇಲೆ ಮಾರ್ಟರ್ ಬಿದ್ದಿದ್ದು, ಇಷ್ಟು ಜನಕ್ಕೆ ಸಣ್ಣ ಗಾಯ ಅಂತ ಬರೆದಿದ್ದು ಇದೆ. ಅದೂ, ಅದೇ ಫೋನ್ ಮಾಡಿದ ಜೊತೆಗಾರರ ಕಾಗದವೂ, ಅತ್ತೆ ಎತ್ತಿಟ್ಟಿದ್ದ ಒಂದು ಪತ್ರವೂ ಸೇರಿಸಿ ಮಾರ್ಚಲ್ಲಿ ಕಳಿಸಿದೀವಿ. ಪತ್ರದಲ್ಲಿ ಒಂದೇ ಸಾಲು, ಕೈಗೆ ಸ್ವಲ್ಪ ಪೆಟ್ಟಾಗಿದೆ ಬರವಣಿಗೆ ಸೊಟ್ಟ ಇದ್ರೆ ಬೇಜಾರಾಗ್ಬೇಡ ಅಂತ. ಅತ್ತೆ ಅದನ್ನ ಇಷ್ಟು ವರ್ಷ ಇಟ್ಟಿದ್ದಕ್ಕೆ ಇವತ್ತು ಕೇಸಿಗೆ ಅದೇ ದೊಡ್ಡ ಬಲ.

ರೇಟಿಂಗ್ 5ಕ್ಕೆ 4. ಸೇಂಟ್ ಲೂಯಿಸ್ ಸೆಂಟರ್‌ಗೆ, ಕೌಂಟಿ ಆಫೀಸರ್‌ಗೆ ಪೂರ್ತಿ 5, ಕಮ್ಮಿ ಆಗಿದ್ದು ಮಧ್ಯದ ಫೋನ್ ಅಲೆದಾಟಕ್ಕೆ. ಬೋರ್ಡಿಂದ ಉತ್ತರ ಬಂದಾಗ ಇದ್ರ ಕೆಳಗೇ ಸೇರಿಸ್ತೀನಿ, ಇವತ್ತಿನವರೆಗೆ ಅರ್ಜಿ ತಲುಪಿದೆ ಅನ್ನೋ ಕಾಗದ ಮಾತ್ರ ಬಂದಿದೆ.