ನಿಕಾನ್ ಎಫ್‌ಎಂ2ಗೆ ಒಂದೇ ಲೆನ್ಸ್ ಅಂದರೆ: 50 ಎಂಎಂ ಎಫ್/1.8 ಇರಲಾ, 55 ಎಂಎಂ ಮೈಕ್ರೋ ಇರಲಾ?

ಫಿಲ್ಮ್ ಕ್ಯಾಮೆರಾ ಹೊಸದಾಗಿ ಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಾಡಿ ಜೊತೆ 50 ಎಂಎಂ ಲೆನ್ಸ್ ಬಂದಿರುತ್ತದೆ. ಹೂವು, ಹುಳ, ಅಜ್ಜಿಯ ಓಲೆ, ಹಳೇ ಫೋಟೊ ಇವನ್ನೆಲ್ಲ ಹತ್ತಿರದಿಂದ ತೆಗೆಯುವ ಆಸೆ. ಇರೋದನ್ನ ಮಾರಿ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್, ನಿಕಾನ್ ಇದನ್ನೇ ‘ಮೈಕ್ರೋ’ ಅನ್ನುತ್ತದೆ) ತಗೊಳ್ಳೋದಾ, ಎರಡೂ ಇಟ್ಟುಕೊಳ್ಳೋದಾ?

ನಾನು ನಿಕಾನ್ ಎಫ್‌ಎಂ2ರಲ್ಲಿ 50 ಎಂಎಂ ಎಫ್/1.8 ಎಐ ಮತ್ತು 55 ಎಂಎಂ ಎಫ್/2.8 ಮೈಕ್ರೋ-ನಿಕ್ಕರ್ ಎಐ-ಎಸ್ ಎರಡನ್ನೂ ವರ್ಷಗಳಿಂದ ಬಳಸುತ್ತಿದ್ದೇನೆ. ಎಫ್/ ಸಂಖ್ಯೆ ಅಪರ್ಚರ್‌ನ, ಅಂದರೆ ಬೆಳಕು ಬರುವ ಕಿಂಡಿಯ, ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಐ, ಎಐ-ಎಸ್ ಅಂದರೆ ಆ ಅಪರ್ಚರ್ ಎಷ್ಟಕ್ಕಿದೆ ಎಂದು ಬಾಡಿಯ ಮೀಟರ್‌ಗೆ ತಿಳಿಸುವ ಜೋಡಣೆ ಇರುವ ಲೆನ್ಸ್. ಹಾಕುವ ಫಿಲ್ಮ್ ಜಾಸ್ತಿ ಐಎಸ್‌ಒ (ಬೆಳಕಿಗೆ ಫಿಲ್ಮ್‌ನ ಸೂಕ್ಷ್ಮತೆ) 400ರ ಕಪ್ಪು-ಬಿಳುಪು, ನಡುನಡುವೆ 200ರ ಕಲರ್. ತೀರ್ಮಾನ ಮೊದಲೇ ಹೇಳುತ್ತೇನೆ. ವಸ್ತುಗಳನ್ನು ತೆಗೆಯುವವರಿಗೆ 55 ಒಂದೇ ಸಾಕು. ಮನೆಯೊಳಗೆ, ಸಂಜೆ ಹೊತ್ತಲ್ಲಿ ಜನರನ್ನು ತೆಗೆಯುವವರು 50 ಬಿಡಬಾರದು. ಎರಡರಲ್ಲಿ ಯಾವುದು ಹೆಚ್ಚು ಶಾರ್ಪ್ ಅನ್ನೋ ಚರ್ಚೆಗೆ ನಾನು ಬೆಲೆ ಕೊಡುವುದಿಲ್ಲ. ಎಫ್/5.6ಕ್ಕೆ ಇಟ್ಟರೆ ಎರಡೂ ಫಿಲ್ಮ್‌ನ ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಣಗಳು) ಹಿಡಿಯುವುದಕ್ಕಿಂತ ಹೆಚ್ಚು ವಿವರ ಕೊಡುತ್ತವೆ. ನೋಡಬೇಕಾದ್ದು ಎರಡೇ ವಿಷಯ: ಎಷ್ಟು ಹತ್ತಿರ ಹೋಗುತ್ತೀರಿ, ಎಷ್ಟು ಕಡಿಮೆ ಬೆಳಕಲ್ಲಿ ತೆಗೆಯುತ್ತೀರಿ.

ಹತ್ತಿರದ ಲೆಕ್ಕ ಮೊದಲು. ನನ್ನ 50 ಫೋಕಸ್ ಆಗುವುದು, ಫಿಲ್ಮ್‌ನಿಂದ ಅಳೆದರೆ, 45 ಸೆಂ.ಮೀ.ವರೆಗೆ. ಅಲ್ಲಿ ಫ್ರೇಮ್ ತುಂಬಲು ಸುಮಾರು 16×24 ಸೆಂ.ಮೀ. ಜಾಗ ಬೇಕು, ಅಂದರೆ ಒಂದು ಸಾಮಾನ್ಯ ಪುಸ್ತಕದ ಪುಟಕ್ಕಿಂತ ಸ್ವಲ್ಪ ದೊಡ್ಡದು. 50 ಎಂಎಂ ಎಫ್/1.8ರ ಕೆಲವು ಚಪ್ಪಟೆ ಆವೃತ್ತಿಗಳು, ನಿಕಾನ್‌ನ ಅಗ್ಗದ ‘ಸೀರೀಸ್ ಇ’ ಸೇರಿ, 60 ಸೆಂ.ಮೀ.ಗೇ ನಿಂತುಬಿಡುತ್ತವೆ. ಕೊಳ್ಳುವ ಮೊದಲು ರಿಂಗ್ ಪೂರ್ತಿ ತಿರುಗಿಸಿ ನೋಡಿ. 55 ಮೈಕ್ರೋ 25 ಸೆಂ.ಮೀ.ವರೆಗೆ ಹೋಗುತ್ತದೆ. ಆಗ ವಸ್ತು ಫಿಲ್ಮ್ ಮೇಲೆ ಅರ್ಧ ಗಾತ್ರದಲ್ಲಿ ಬೀಳುತ್ತದೆ, 1:2. ಎರಡು ಬೆಂಕಿಪೊಟ್ಟಣ ಅಕ್ಕಪಕ್ಕ ಇಟ್ಟಷ್ಟು ಜಾಗ, 48×72 ಮಿ.ಮೀ., ಇಡೀ ಫ್ರೇಮ್ ತುಂಬುತ್ತದೆ. ಪಿಕೆ-13 ಅನ್ನೋ 27.5 ಮಿ.ಮೀ. ಎಕ್ಸ್‌ಟೆನ್ಷನ್ ರಿಂಗನ್ನು ಬಾಡಿಗೂ ಲೆನ್ಸಿಗೂ ನಡುವೆ ಸೇರಿಸಿದರೆ ಪೂರ್ತಿ ಗಾತ್ರ, 1:1. ಈ ಅಂತರ ದೊಡ್ಡದು. ಡಿಜಿಟಲ್‌ನಲ್ಲಾದರೆ ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಬಹುದು. 35 ಎಂಎಂ ಫಿಲ್ಮ್‌ನಲ್ಲಿ ಅಷ್ಟೊಂದು ಕ್ರಾಪ್ ಮಾಡಿದರೆ ಉಳಿಯೋದು ಬರೀ ಗ್ರೇನ್.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ಈ ಎರಡು ಲೆನ್ಸ್‌ಗಳ ಗುಣ ಚೆನ್ನಾಗಿ ತಿಳಿಯುತ್ತದೆ. ಕೆಳಗಿನ ಆನೆ ಸಾಲು, ಮೇಲಿನ ದೇವತೆಗಳ ಮೂರ್ತಿಗಳು, ಇವನ್ನು 50 ಬಲು ಚೆಂದ ಹಿಡಿಯುತ್ತದೆ. ಆದರೆ ಆ ಬಳಪದ ಕಲ್ಲಲ್ಲಿ ಶಿಲ್ಪಿ ಕೊರೆದ ಸರದ ಒಂದೊಂದು ಮಣಿ, ಕಿವಿಯೋಲೆಯ ಹಿಂದಿನ ಸಣ್ಣ ಪೊಳ್ಳು, ಅಲ್ಲಿಗೆ ಹೋಗುವುದು 55 ಮಾತ್ರ. ಬೆಳಗಿನ ಓರೆ ಬಿಸಿಲಲ್ಲಿ ತೆಗೆದ ನನ್ನ ಪ್ರಿಂಟ್‌ಗಳಲ್ಲಿ ಉಳಿಯ ಗುರುತು ಕಾಣುತ್ತದೆ. ಅವನ್ನು ನೋಡಿದಾಗೆಲ್ಲ ಈ ಲೆನ್ಸ್ ಮೇಲೆ ಪ್ರೀತಿ ಹೆಚ್ಚುತ್ತದೆ.

ಇನ್ನು ಬೆಳಕು. ಎಫ್/1.8ಕ್ಕೂ ಎಫ್/2.8ಕ್ಕೂ ಒಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ). ಕೇಳೋಕೆ ಚಿಕ್ಕದು, ಆದರೆ ರೋಲ್ ಪೂರ್ತಿ ಅದೇ ಐಎಸ್‌ಒ ಅನ್ನೋದನ್ನು ಮರೆಯಬೇಡಿ. ಸಾಧಾರಣ ದೀಪದ ನಮ್ಮ ಮನೆ ಹಾಲಲ್ಲಿ 400ರ ಫಿಲ್ಮ್ ಹಾಕಿದಾಗ ಎಫ್/1.8ಕ್ಕೆ 1/30 ಸೆಕೆಂಡಿನ ಶಟರ್ ಸಿಗುತ್ತದೆ. ಅದೇ ಜಾಗದಲ್ಲಿ ಎಫ್/2.8ಕ್ಕೆ 1/15 ಕೂಡ ಸಾಲದು. ಊಟಕ್ಕೆ ಕೂತ ಅಪ್ಪ, ಹೋಮ್‌ವರ್ಕ್ ಮಾಡುವ ಮಗಳು, 1/30ರಲ್ಲಿ ಉಸಿರು ಹಿಡಿದರೆ ಬರುತ್ತಾರೆ. ಅದಕ್ಕಿಂತ ಕೆಳಗೆ ಹೋದರೆ ಕೈ ನಡುಗದಿದ್ದರೂ ಜನ ಅಲುಗಾಡುತ್ತಾರಲ್ವಾ? ಐಎಸ್‌ಒ 400ರ ಕಪ್ಪು-ಬಿಳುಪು ಫಿಲ್ಮನ್ನು 1600ಕ್ಕೆ ಪುಶ್ ಮಾಡಿ (ಕಡಿಮೆ ಬೆಳಕು ಕೊಟ್ಟು, ಹೆಚ್ಚು ಹೊತ್ತು ತೊಳೆಸಿ) 55ರಲ್ಲೂ ಮನೆಯೊಳಗೆ ತೆಗೆದಿದ್ದೇನೆ. ಚಿತ್ರ ಬಂತು, ನೆರಳಿನ ವಿವರ ಹೋಯಿತು. ನನಗೆ ಅದು ಹಿಡಿಸಲಿಲ್ಲ.

55ರ ಇನ್ನೊಂದು ತೊಂದರೆ ಫೋಕಸ್ ರಿಂಗ್. ಹತ್ತಿರದ ಕೆಲಸಕ್ಕೆ ನಿಧಾನವಾಗಿ, ಬಹಳ ತಿರುವು ತಿರುಗುವಂತೆ ಮಾಡಿದ್ದಾರೆ. ಅದರಿಂದ ಒಂದು ಮೀಟರ್‌ನಿಂದ ಇನ್ಫಿನಿಟಿವರೆಗಿನ ದೂರವೆಲ್ಲ ಸ್ವಲ್ಪವೇ ತಿರುವಿನಲ್ಲಿ ಮುಗಿದುಹೋಗುತ್ತದೆ. ಅಂಗಳದಲ್ಲಿ ಓಡಾಡುವ ಮಕ್ಕಳನ್ನು ಹಿಂಬಾಲಿಸುವಾಗ ಇದು ಕಷ್ಟ, ಬೆರಳು ತುಸು ಸರಿದರೂ ಫೋಕಸ್ ದಾಟಿಬಿಡುತ್ತದೆ. 50ರಲ್ಲಿ ಆ ಗೋಳಿಲ್ಲ. ಬಿಸಿಲಲ್ಲಿ ನಿಂತ ವ್ಯಕ್ತಿ, ರಸ್ತೆ, ಗುಡ್ಡ, ಇವಕ್ಕೆ ಮಾತ್ರ 55ರಲ್ಲಿ ನನಗೆ ಒಂದು ಕೊರತೆಯೂ ಕಂಡಿಲ್ಲ. ‘ಮ್ಯಾಕ್ರೋ ಲೆನ್ಸ್ ದೂರಕ್ಕೆ ಚೆನ್ನಾಗಿರಲ್ಲ’ ಅನ್ನುವ ಮಾತು ಈ ಲೆನ್ಸ್‌ಗೆ ಸಲ್ಲುವುದಿಲ್ಲ. ಫೋಕಸ್ ಬದಲಾದಂತೆ ಒಳಗಿನ ಗಾಜುಗಳ ನಡುವಿನ ಅಂತರವೂ ಬದಲಾಗುವ ವ್ಯವಸ್ಥೆ ಇದರಲ್ಲಿದೆ, ದೂರ ಹತ್ತಿರ ಎರಡಕ್ಕೂ ಹೊಂದಿಕೊಳ್ಳುತ್ತದೆ. ಮುಂದಿನ ಗಾಜು ಆಳವಾಗಿ ಒಳಗೆ ಕೂತಿರುವುದರಿಂದ ನಾನು ಹುಡ್ ಕೂಡ ಹಾಕುವುದಿಲ್ಲ.

ಹತ್ತಿರದ ಚಿತ್ರಕ್ಕೆ ಹೊಸದಾಗಿ ಇಳಿಯುವವರು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಲೆನ್ಸ್ ಮುಂದಕ್ಕೆ ಚಾಚಿದಷ್ಟೂ ಫಿಲ್ಮ್‌ಗೆ ಬೀಳುವ ಬೆಳಕು ಕಡಿಮೆ. 1:2ರಲ್ಲಿ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು, 1:1ರಲ್ಲಿ ಎರಡು ಸ್ಟಾಪ್ ಹೋಗುತ್ತದೆ. ಎಫ್‌ಎಂ2ರ ಮೀಟರ್ ಲೆನ್ಸ್ ಮೂಲಕವೇ ಅಳೆಯುವುದರಿಂದ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಫೋನಿನ ಮೀಟರ್ ಆ್ಯಪ್ ಅಥವಾ ಕೈಮೀಟರ್ ನಂಬಿದರೆ ಅಷ್ಟನ್ನು ನೀವೇ ಸೇರಿಸಬೇಕು. ವ್ಯೂಫೈಂಡರ್ ಕೂಡ ಅಷ್ಟೇ ಮಂಕಾಗುತ್ತದೆ. ಫೋಕಸ್ ನೋಡಲು ನಡುವೆ ಇರುವ ಸ್ಪ್ಲಿಟ್ (ಎರಡು ಹೋಳಿನ) ವೃತ್ತದ ಅರ್ಧ ಕಪ್ಪಾದರೆ ಗಾಬರಿ ಬೇಡ, ಕ್ಯಾಮೆರಾ ಕೆಟ್ಟಿಲ್ಲ. ಸುತ್ತಲಿನ ಮ್ಯಾಟ್ ಗಾಜಿನಲ್ಲಿ ನೋಡಿ. ಎಷ್ಟು ದೊಡ್ಡದಾಗಿ ಬೇಕೋ ಅಷ್ಟಕ್ಕೆ ರಿಂಗ್ ಇಟ್ಟುಬಿಟ್ಟು, ಮೈಯನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಫೋಕಸ್ ಹಿಡಿಯುವುದು ಸುಲಭ.

ಫೋಕಸ್ ಆಳವೂ ಬಹಳ ತೆಳು. 1:2ರಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಬರುವುದು ಸುಮಾರು 3 ಮಿ.ಮೀ. ಎಫ್/16ಕ್ಕೆ ಅದರ ಎರಡರಷ್ಟು. ಹಾಗಾಗಿ ‘ಮ್ಯಾಕ್ರೋ ಲೆನ್ಸ್ ಎಫ್/2.8 ಇದೆ, ಟ್ರೈಪಾಡ್ ಬೇಕಿಲ್ಲ’ ಅನ್ನೋ ಲೆಕ್ಕ ಕೆಲಸ ಮಾಡುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳು ಬೆಳ್ಳಗೆ ಹೂಬಿಡುತ್ತವೆ. ಹೂವು ನಿಲ್ಲುವುದು ಕೆಲವೇ ದಿನ. ಮರದ ನೆರಳಲ್ಲಿ, 200ರ ಫಿಲ್ಮ್ ಹಾಕಿ, ಎಫ್/11ಕ್ಕೆ ಹೋದರೆ ಶಟರ್ 1/8ಕ್ಕೆ ಇಳಿಯುತ್ತದೆ, ಗಾಳಿ ಬೀಸಿದರೆ ಮುಗಿಯಿತು. ಬೆಳಗಿನ ಗಾಳಿಯಿಲ್ಲದ ಹೊತ್ತು ನೋಡಿ, ಟ್ರೈಪಾಡ್ ಊರಿ, ಸೆಲ್ಫ್ ಟೈಮರ್ ಹಾಕಿ. ಎಫ್‌ಎಂ2ರಲ್ಲಿ ಟೈಮರ್ ಶುರುವಾದ ಕೂಡಲೇ ಕನ್ನಡಿ ಮೇಲೆ ಹೋಗಿ ನಿಲ್ಲುತ್ತದೆ, ಅದರ ಹೊಡೆತದ ನಡುಕ ಚಿತ್ರಕ್ಕೆ ಬರುವುದಿಲ್ಲ. ಬಿಳಿ ಹೂವೇ ಫ್ರೇಮ್ ತುಂಬಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡಿ. ಇಲ್ಲದಿದ್ದರೆ ಹೂವು ಬೂದು ಬಣ್ಣ. ಹುಳಗಳ ಆಸೆ ಇದ್ದರೆ 55 ಅಷ್ಟು ಒಳ್ಳೆಯದಲ್ಲ. 1:2ರಲ್ಲಿ ಲೆನ್ಸಿನ ತುದಿಗೂ ವಸ್ತುವಿಗೂ ಉಳಿಯೋದು ಹತ್ತು ಸೆಂ.ಮೀ. ಅಷ್ಟೇ, 1:1ರಲ್ಲಿ ಆರರ ಆಸುಪಾಸು. ಚಿಟ್ಟೆ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಂಡರೂ ನಮ್ಮದೇ ನೆರಳು ಬೀಳುತ್ತದೆ. ಅದಕ್ಕೆ 105 ಎಂಎಂ ಬೇಕು, ಅದರ ಮಾತೇ ಬೇರೆ.

55ನ್ನು ನಾನು ಅತಿ ಹೆಚ್ಚು ಬಳಸಿರೋದು ಕಾಗದದ ಮೇಲೆ. ಈ ಮನೆತನದ ಲೆನ್ಸ್ ಹುಟ್ಟಿದ್ದೇ ಅದಕ್ಕೆ. 1956ರಲ್ಲಿ ನಿಕಾನ್ ತಂದ ಮೊದಲ ಮೈಕ್ರೋ-ನಿಕ್ಕರ್ ಮೈಕ್ರೋಫಿಲ್ಮ್‌ಗೆ ದಾಖಲೆ ಇಳಿಸುವ ಕೆಲಸದ ಲೆನ್ಸ್, ಜಪಾನಿನ ಲಿಪಿಯ ಸಣ್ಣ ಸಣ್ಣ ಗೆರೆಗಳೂ ಉಳಿಯಬೇಕಿತ್ತು. ಸಪಾಟಾದ ಹಾಳೆಯನ್ನು ನಡುವಿನಿಂದ ಅಂಚಿನವರೆಗೆ ಒಂದೇ ಸಮ ಹಿಡಿಯುವ ಆ ಗುಣ ನನ್ನ 55ರಲ್ಲೂ ಇದೆ. ತಾತನ ಕಾಲದ ಮದುವೆ ಫೋಟೊಗಳು, ಮೋಡಿ ಅಕ್ಷರದ ಒಂದು ಹಳೇ ಪತ್ರ, ಎಲ್ಲವನ್ನೂ ಇದರಲ್ಲೇ ಕಾಪಿ ಮಾಡಿದೆ. ಅದೇ ಕೆಲಸ 50ರಲ್ಲಿ ಮಾಡಿದಾಗ ಮೂಲೆಗಳು ಮೆತ್ತಗೆ ಬಂದವು.

ಈಗ ನೆಗೆಟಿವ್ ಸ್ಕ್ಯಾನ್ ಕೂಡ ಇದರಲ್ಲೇ. ಲ್ಯಾಬ್‌ನಲ್ಲಿ ಫಿಲ್ಮ್ ತೊಳೆಸುತ್ತೇನೆ, ಸ್ಕ್ಯಾನ್ ಮಾಡಿಸುವುದಿಲ್ಲ. 55 ಮತ್ತು ಪಿಕೆ-13 ರಿಂಗನ್ನು ನಿಕಾನ್ ಡಿಜಿಟಲ್ ಬಾಡಿಗೆ ಹಾಕಿ, ಕೆಳಗೆ ಲೈಟ್ ಪ್ಯಾನಲ್ ಇಟ್ಟು, ಎಫ್/8ಕ್ಕೆ ತೆಗೆಯುತ್ತೇನೆ. ಫುಲ್ ಫ್ರೇಮ್ ಸೆನ್ಸರ್ ಆದರೆ 1:1, ಚಿಕ್ಕ ಡಿಎಕ್ಸ್ ಸೆನ್ಸರ್ ಆದರೆ ಸುಮಾರು 1:1.5 ಸಾಕು. ಎರಡೂ ಆ ರಿಂಗ್‌ನ ವ್ಯಾಪ್ತಿಯಲ್ಲೇ ಬರುತ್ತವೆ. ಕ್ಯಾಮೆರಾ ಮತ್ತು ನೆಗೆಟಿವ್ ಸಮಾನಾಂತರ ಇರುವುದು ಮುಖ್ಯ. ನೆಗೆಟಿವ್ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಕಾಣುವವರೆಗೆ ಹೊಂದಿಸಿ. ಫಿಲ್ಮ್ ಬಳಸುವವರಿಗೆ 55ರ ಪರವಾಗಿ ನಾನು ಕೊಡುವ ಅತಿ ಬಲವಾದ ಕಾರಣ ಇದೇ.

ದುಡ್ಡು ಬಿಗಿ ಇದ್ದರೆ 50 ಇಟ್ಟುಕೊಂಡು ಪಿಕೆ-13 ಒಂದನ್ನೇ ಕೊಳ್ಳಿ. 1:2ರ ಹತ್ತಿರಹತ್ತಿರ ಬರುತ್ತದೆ, ಮೀಟರ್ ಸಂಪರ್ಕವೂ ಉಳಿಯುತ್ತದೆ. ಆದರೆ ರಿಂಗ್ ಇರುವಷ್ಟು ಹೊತ್ತು ದೂರದ್ದು ಫೋಕಸ್ ಆಗುವುದಿಲ್ಲ, ಹಾಕಿ ತೆಗೆದು ಮಾಡುತ್ತಿರಬೇಕು. ಬಿಆರ್-2ಎ ರಿಂಗ್ ಹಾಕಿ ಲೆನ್ಸನ್ನು ಹಿಂದುಮುಂದು ಮಾಡಿ ಜೋಡಿಸಿದರೆ 1:1ರ ಆಸುಪಾಸು ಸಿಗುತ್ತದೆ, ಅಪರ್ಚರ್ ಮಾತ್ರ ಕೈಯಲ್ಲೇ ಮುಚ್ಚಬೇಕು. ಸುಮ್ನೆ ರುಚಿ ನೋಡೋಕೆ ಸಾಕು.

ಹಳೇ 55 ಎಫ್/2.8 ಕೊಳ್ಳುವಾಗ ಅಪರ್ಚರ್ ಬ್ಲೇಡ್‌ಗಳನ್ನು ನೋಡಲೇಬೇಕು. ಫೋಕಸ್ ಗ್ರೀಸಿನ ಎಣ್ಣೆ ಬ್ಲೇಡ್ ಮೇಲೆ ಇಳಿಯುವುದು ಈ ಲೆನ್ಸ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಎಫ್/16ಕ್ಕೆ ಇಟ್ಟು ಹಿಂದಿನ ಲಿವರ್ ತಳ್ಳಿ ಬಿಡಿ, ಬ್ಲೇಡ್ ಚಟ್ಟನೆ ಮುಚ್ಚಬೇಕು. ನಿಧಾನ ಆದರೆ ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಮಾತಾಡಿ. ಟಾರ್ಚ್ ಹಿಡಿದು ಫಂಗಸ್ ನೋಡಿ. ಮಲೆನಾಡು, ಕರಾವಳಿಯವರು ಕೊಂಡ ಮೇಲೂ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಬಿಡಬೇಡಿ.

ಹಳೆಯ 55 ಎಫ್/3.5 ಕಡಿಮೆ ಬೆಲೆಗೆ ಸಿಗುತ್ತದೆ, ಹತ್ತಿರದ ಕೆಲಸಕ್ಕೆ ಅದೂ ಸೊಗಸು. ಆದರೆ ಅದರಲ್ಲಿ ಎಐ ಅಲ್ಲದವು ಬಹಳ ಇವೆ, ಅವನ್ನು ಬದಲಾಯಿಸದೆ ಎಫ್‌ಎಂ2ಗೆ ಹಾಕಲಾಗದು. ಬಲವಂತವಾಗಿ ತಿರುಗಿಸಿದರೆ ಬಾಡಿಯ ಮೀಟರ್ ಕೊಕ್ಕೆ ಮುರಿದೀತು. ಅಪರ್ಚರ್ ರಿಂಗ್ ಮೇಲೆ ದೊಡ್ಡ ಸಂಖ್ಯೆಗಳ ಪಕ್ಕದಲ್ಲೇ ಎರಡನೇ ಸಾಲಿನ ಸಣ್ಣ ಸಂಖ್ಯೆಗಳಿದ್ದರೆ ಅದು ಎಐ ಲೆನ್ಸ್. ಇಲ್ಲದಿದ್ದರೆ ಮಾರುವವರನ್ನು ಕೇಳಿ, ಅವರ ಮುಂದೆಯೇ ಹಾಕಿಸಿ ನೋಡಿ.