ಮನೆಮಂದಿಯ ಫೋನ್ ರಿಪೇರಿಗೆ ವಾಟ್ಸಾಪ್ ಸ್ಕ್ರೀನ್ ಶೇರ್: ನೋಡಬಹುದು, ಮುಟ್ಟೋ ಹಾಗಿಲ್ಲ

ನಮ್ಮ ಕುಟುಂಬದಲ್ಲಿ ಯಾರ ಫೋನ್ ಹಟ ಹಿಡಿದರೂ ಮೊದಲ ಕರೆ ನನಗೇ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಆದರೆ ಹುಡುಗ ಬೆಂಗಳೂರಲ್ಲಿದ್ದಾನೆ, ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ಅಷ್ಟು ಸಾಕಲ್ವಾ?

ಮುಂಚೆ ಎಲ್ಲ ಬರೀ ಬಾಯಿಮಾತಲ್ಲೇ ನಡೆಯುತ್ತಿತ್ತು. "ಮೇಲೆ ಮೂರು ಚುಕ್ಕೆ ಇದೆಯಲ್ಲ ದೊಡ್ಡಪ್ಪ, ಅದನ್ನ ಒತ್ತಿ." "ಎಂತ ಚುಕ್ಕೆ ಮಾರಾಯ? ಇಲ್ಲಿ ಎಂತದೂ ಇಲ್ಲ." 2023ರ ಆಗಸ್ಟ್‌ನಲ್ಲಿ ವಾಟ್ಸಾಪ್ ವಿಡಿಯೊ ಕಾಲ್‌ಗೆ ಸ್ಕ್ರೀನ್ ಶೇರ್ ಬಂತು, ಅಂದರೆ ಅವರ ಫೋನ್ ಪರದೆ ನನಗೆ ಇಲ್ಲಿಂದಲೇ ಕಾಣುತ್ತದೆ. ಆಮೇಲೆ ಈ ಗೋಳು ಎಷ್ಟೋ ಕಡಿಮೆಯಾಗಿದೆ. ಹೊಸ ಆಪ್ ಹಾಕಿಸಬೇಕಿಲ್ಲ, ಇನ್ನೊಂದು ಪಾಸ್‌ವರ್ಡ್ ನೆನಪಿಡಬೇಕಿಲ್ಲ.

ಮೊನ್ನೆ ತೀರ್ಥಹಳ್ಳಿಯಿಂದ ದೊಡ್ಡಪ್ಪನ ದೂರು: ಮೊಮ್ಮಗಳ ಫೋಟೊ ಡೌನ್‌ಲೋಡ್ ಆಗುತ್ತಿಲ್ಲ. ಸ್ಕ್ರೀನ್ ಕಂಡ ತಕ್ಷಣ ಗೊತ್ತಾಯಿತು, ಸ್ಟೋರೇಜ್ ಭರ್ತಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಸ್ಟೋರೇಜ್' ತೆರೆಸಿದೆ. 5 ಎಂಬಿಗಿಂತ ದೊಡ್ಡ ಫೈಲ್‌ಗಳೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ. ನೋಡಿದರೆ ಬರೀ ಶುಭೋದಯದ ವಿಡಿಯೊಗಳು. ಸೂರ್ಯ, ತಾವರೆ, ಮತ್ತೆ ಸೂರ್ಯ. "ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ" ಅಂದೆ. "ತಡಿ, ಅದರಲ್ಲಿ ಗಣಪತಿ ಉಂಟು. ಅದನ್ನ ಹೆಂಗೆ ಡಿಲೀಟ್ ಮಾಡೋದು?" ಒಂದೊಂದೇ ಟಿಕ್ ಹಾಕಿದರು. ಗಣಪತಿ ಉಳಿದ, ತಾವರೆ ಹೋಯಿತು, ಫೋಟೊ ಬಂತು.

ನಾನು ಇಲ್ಲಿಂದ ಏನನ್ನೂ ಒತ್ತುವ ಹಾಗಿಲ್ಲ. ಕೆಲವರಿಗೆ ಇದು ದೊಡ್ಡ ಕೊರತೆ. ನನಗೆ ಇದೇ ಇದರ ಒಳ್ಳೆ ಗುಣ. ಎನಿಡೆಸ್ಕ್ ಥರದ ಆಪ್‌ನಲ್ಲಿ ದೂರದಿಂದಲೇ ಫೋನ್ ನಡೆಸಬಹುದು, ನಿಜ. ಆದರೆ 2019ರ ಫೆಬ್ರವರಿಯಲ್ಲಿ ಆರ್‌ಬಿಐ ಎಚ್ಚರಿಸಿದ್ದು ಇದರ ಬಗ್ಗೆಯೇ: ಕಳ್ಳರು ಆ ಆಪ್ ಹಾಕಿಸಿ, 9 ಅಂಕಿಯ ಕೋಡ್ ಕೇಳಿ, ದುಡ್ಡು ಎತ್ತುತ್ತಾರೆ. 'ಈ ಆಪ್ ಹಾಕಿ, ನಂಬರ್ ಓದಿ ಹೇಳಿ' ಅನ್ನೋದನ್ನ ನಾನೇ ಮನೆಯವರಿಗೆ ರೂಢಿ ಮಾಡಿಸಿದರೆ, ನಾಳೆ ಬ್ಯಾಂಕಿನ ಹೆಸರಲ್ಲಿ ಫೋನ್ ಮಾಡಿದವನಿಗೂ ಓದಿ ಹೇಳುತ್ತಾರೆ.

ಹಾಗಂತ ಸ್ಕ್ರೀನ್ ಶೇರ್ ಪೂರ್ತಿ ಸುರಕ್ಷಿತ ಅಂದುಕೊಳ್ಳಬೇಡಿ. ಯುಪಿಐ ಪಿನ್ ಪುಟ ಸಾಮಾನ್ಯವಾಗಿ ನಮ್ಮ ಕಡೆ ಕಪ್ಪಾಗಿ ಕಾಣುತ್ತದೆ. ಆದರೆ ಹಳೆ ಫೋನ್‌ಗಳಲ್ಲಿ ಮೇಲಿಂದ ಇಳಿಯುವ ಒಟಿಪಿ ಮೆಸೇಜ್ ಕಾಣಿಸಿಬಿಡುತ್ತದೆ. ಬೇರೆ ಮೆಸೇಜ್‌ಗಳೂ ಅಷ್ಟೇ. ನನ್ನ ಮದುವೆ ವಿಷಯ ಎಲ್ಲಿವರೆಗೆ ಬಂದಿದೆ ಅಂತ ನನಗೆ ತಿಳಿದದ್ದು ಅತ್ತೆಯ ಫೋನ್ ಸರಿ ಮಾಡುವಾಗ! ಮನೆಯವರಲ್ಲದೆ ಬೇರೆ ಯಾರಿಗೂ ಶೇರ್ ಕೊಡಬಾರದು ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಇನ್ನೊಂದು ತೊಂದರೆ, ಅವರ ಬೆರಳು ಎಲ್ಲಿದೆ ಅಂತ ಕಾಣಲ್ಲ. ಆಂಡ್ರಾಯ್ಡ್‌ನಲ್ಲಿ ಆಪ್ ತಯಾರಿಸುವವರಿಗೆ ಅಂತ ಇರುವ ಸೆಟ್ಟಿಂಗ್ಸ್, ಅಂದರೆ ಡೆವಲಪರ್ ಆಪ್ಷನ್ಸ್‌ನಲ್ಲಿ 'ಶೋ ಟ್ಯಾಪ್ಸ್' ಆನ್ ಮಾಡಿದರೆ ಮುಟ್ಟಿದಲ್ಲಿ ಚುಕ್ಕೆ ಮೂಡುತ್ತದೆ. ಆದರೆ ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದೇ ಇಲ್ಲ. ಹಾಗಾಗಿ ಅದರ ಗೊಡವೆ ಬಿಟ್ಟೆ.

"ಫೋನ್ ತಾನೇ ಮಾತಾಡ್ತಿದೆ" ಅಂತ ಕರೆ ಬಂದರೆ ಮಾತ್ರ ಸ್ಕ್ರೀನ್ ಶೇರ್‌ಗೆ ಹೋಗಬೇಡಿ. ಅದು ಟಾಕ್‌ಬ್ಯಾಕ್, ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ. ವಾಲ್ಯೂಮ್‌ನ ಎರಡೂ ಬಟನ್ ಒಟ್ಟಿಗೆ ಒತ್ತಿ ಹಿಡಿಯೋಕೆ ಹೇಳಿ, ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಐದಕ್ಕೆ ನಾಲ್ಕು ಅಂಕ. ಮಳೆಗಾಲದಲ್ಲಿ ಮಲೆನಾಡಿನ ನೆಟ್‌ವರ್ಕ್‌ಗೆ ವಿಡಿಯೊ ಕಾಲ್ ನಿಲ್ಲುವುದಿಲ್ಲ, ಅದಕ್ಕೆ ಒಂದು ಕಳೆದೆ.